ಹೆಬ್ಬಟ್ಟಿನ ಮನಿ

ನಾ ಖಡಿ ಒಡದಾಂವಲ್ಲ, ಬರದಾಂವ.
ಇಷ್ಟು ಮೊದಲ ಹೇಳಿಬಿಡ್ತೀನಿ.
ಪರ್ವತಿ ರಸ್ತೆದ ಎರಡನೇ ಮೈಲಿನ ಕಡೆ
ಜಾಲಿಗಿಡದ ಬುಡಕ ನನ್ನ ಮೇಜು.
ಮೇಜಿಗೆ ಮೂರು ಕಾಲು, ನಾಕನೇದು ಕಲ್ಲಿಂದು.
ಮ್ಯಾಲ ಮಸ್ಟರು, ಮಸಿ ಪ್ಯಾಡು,
ಗಾಳಿಗೆ ಹಾಳಿ ಹಾರದ್ಹಂಗ ಒಂದು ಗುಂಡಗಲ್ಲು.

ಆ ವರ್ಷ ಮುಂಬಯಿಯೊಳಗ ಧಾರಣಿ ಬಿತ್ತು ಅಂದ್ರು.
ಬಿದ್ದದ್ದು ಯಾರಿಗೂ ಕಾಣಲಿಲ್ಲ, ಸಪ್ಪಳಾನೂ ಆಗಲಿಲ್ಲ.
ಸಪ್ಪಳ ನಿಂತದ್ದು ಮಾತ್ರ ಕೇಳಿಸ್ತು:
ಗುಳೇದಗುಡ್ಡದಾಗ ಒಂದೊಂದ ಓಣಿ
ಮಗ್ಗ ಬಾಯಿ ಮುಚಿಗೊಂಡ್ವು.
ಸಾವಕಾರ ಖಣದ ಗಂಟು ಬಿಚ್ಚದನ
ಹಿಂದಕ್ಕ ದಬ್ಬಿ ಅಂದ:
"ತೊಡೋರು ಅದಾರೋ ಮಾರಾಯಾ,
ಕೊಳ್ಳೋರು ಎಲ್ಲಿ?"

ಸರಕಾರ ಸುಮ್ಮ ಕೂಡಲಿಲ್ಲ. ಅದನ್ನೂ ಹೇಳಬೇಕು.
ಹುಕುಂ ಬಂತು, ಓವರ್‌ಸಿಯರ್ ಬಂದ್ರು,
ಎರಡು ಚಕ್ಕಡಿ ಸುತ್ತಿಗಿ ಬಂದ್ವು.
ಪೆಟಗಿ ಖಡಿಗೆ ಎರಡಾಣೆ.
ತಳಾ ಇಲ್ಲದ ಪೆಟಗಿ ಅದು. ತುಂಬಿದ ಮ್ಯಾಲ ಎತ್ತಿದ್ರ
ಖಡಿ ಅಲ್ಲೇ ಕುಂತಿರ್ತಿತ್ತು,
ಪೆಟಗಿ ಮತ್ತ ಬರಿದು.

ನೇಕಾರರು ಸಾಲು ಹಚ್ಚಿದ್ರು.
ಮಾಗುಂಡಪ್ಪ ಬರಗುಂಡಿ
ತನ್ನ ಹೆಸರಿನ ಮುಂದಿನ ಮನಿಯೊಳಗ ಹೆಬ್ಬಟ್ಟು ಒತ್ತಿದ.
ಎಂಥಾ ಹೆಬ್ಬಟ್ಟದು!
ಸಣ್ಣ ಗೆರಿ, ಸುತ್ತಿನೊಳಗ ಸುತ್ತು,
ಅವ ನೇಯ್ದ ಆನಿಹೆಜ್ಜಿ ಖಣದ್ಹಂಗ, ಒಂದ ಎಳಿ ತಪ್ಪಿಲ್ಲ.
ಕತ್ತಲದಾಗ ರೇಶಿಮಿ ಮುಟ್ಟಿ
ಬಣ್ಣ ಹೇಳೋ ಬೆರಳು ಅಂತಿದ್ರು ಮಂದಿ.
ಸುತ್ತಿಗಿ ಹಿಡಿಯಾಕ ಬರಲಿಲ್ಲ ಅವಗ.
ತತ್ತಿ ಹಿಡದ್ಹಂಗ ಹಿಡದ.
ಸಾಲಿನ್ಯಾಗಿದ್ದವರು ನಕ್ಕರು. ನಾನೂ ನಕ್ಕೆ.

ಮೂರನೇ ವಾರ, ಗೆರಿಗೆ ಅಡ್ಡ ಒಂದು ಬಿಳೇ ಸೀಳು.
ಐದನೇ ವಾರ, ನಡುವಿನ ಸುತ್ತು ಇಲ್ಲ.
ಎಂಟನೇ ವಾರ ಒತ್ತಿದ, ಎತ್ತಿದ:
ಮನಿಯೊಳಗ ಒಂದು ಕರೇ ಮಚ್ಚಿ. ಅಷ್ಟ.
"ಸ್ವಚ್ಛ ಒತ್ತೋ" ಅಂದೆ.
ಮತ್ತ ಒತ್ತಿದ. "ಇರೋದು ಇಷ್ಟ ಐತ್ರಿ" ಅಂದ.
ಓವರ್‌ಸಿಯರ್ ಷರಾ ಬರದ್ರು:
ಹೆಬ್ಬಟ್ಟು ಅಸ್ಪಷ್ಟ, ವಿಚಾರಣೆ ಆಗತಕ್ಕದ್ದು.
ಆ ವಾರದ ಹನ್ನೆರಡಾಣೆ
ವಿಚಾರಣೆಯೊಳಗ ಕುಂತ್ವು. ಇನ್ನೂ ಕುಂತಾವ.

ಆಮ್ಯಾಲ ಪುಣೆದಿಂದ ಸುಧಾರಣಾ ಬಂತು,
ದಪ್ಪ ಕಾಗದದ ಮ್ಯಾಲ, ಕೆಂಪು ದಾರ ಕಟ್ಟಿಕೊಂಡು:
ನೇಕಾರನಿಗೆ ನೇಕಾರಿಕೆಯನ್ನೇ ಕೊಡತಕ್ಕದ್ದು.
ನೂಲು ಸರಕಾರದ್ದು, ಖಣ ಕೊಳ್ಳೋದೂ ಸರಕಾರ.
ಓದಿ ಕಣ್ಣಾಗ ನೀರು ಬಂತು, ಖರೇ ಹೇಳ್ತೀನಿ.
ಒಳ್ಳೇ ಕಾಗದ. ಬರದಾಂವ ಒಳ್ಳೆಯವ ಇರಬೇಕು.
ದಾರಿಯೊಳಗ ಎಲ್ಲಿ ತಡಾ ಆತೋ.

ಮಾಗುಂಡಪ್ಪ ಮಗ್ಗದ ಕುಣಿಗೆ ಇಳದ.
ಎಳಿ ಮುಟ್ಟಿದ, ಎಳಿ ಬೆರಳಿಗೆ ಸಿಕ್ಕೊಂಡಿತು.
ಬಿಡಿಸಿದ, ಹರೀತು.
ಕುಸುಬಿ ಎಣ್ಣಿ ತಿಕ್ಕಿದ, ಸುಣ್ಣದ ತಿಳಿಯೊಳಗ ಕೈ ಇಟಗೊಂಡು ಕುಂತ,
ಮತ್ತ ಮುಟ್ಟಿದ, ಮತ್ತ ಹರೀತು.
ಕಡೀಕ ಹೆಂಡತಿ ನೀಲವ್ವ ಕುಣಿಗೆ ಇಳದಳು.
ಅವ ಕಟ್ಟಿ ಮ್ಯಾಲ ಕುಂತು ಕಂಡಕಿ ಸುತ್ತತಿದ್ದ,
ಸಣ್ಣ ಹುಡುಗರ ಕೆಲಸ ಅದು, ಅದೂ ದಪ್ಪ ನೂಲಿಂದು.

ಚಾವಡಿಯೊಳಗ ಖಣದ ರಾಶಿ,
ಖಡಿ ಗುಂಪಿಯಷ್ಟ ಎತ್ತರ.
ಪಾಸು ನಾಪಾಸು ಬರಿಯೋದು ಮತ್ತ ನನ್ನ ಪಾಲಿಗೆ.
ನೀಲವ್ವನ ಖಣದಾಗ ಆನಿಗೆ ಒಂದು ಉಗುರು ಕಮ್ಮಿ.
ನಿಯಮದ ಪ್ರಕಾರ ನಾಪಾಸು.
ಪಾಸು ಅಂತ ಬರದೆ.
ಪುಣ್ಯವಂತ ಅಂತ ತಿಳೀಬ್ಯಾಡ್ರಿ.
ಬಾಗಲದಾಗ ಮಾಮಲೇದಾರರ ಬೂಟಿನ ಸಪ್ಪಳ ಕೇಳಿ
ಮುಂದಿನ ಮೂರು ಖಣ, ಚಲೋ ಇದ್ದವು,
ನಾಪಾಸು ಬರದೆ.
ಅವು ಯಾರವಿದ್ದವು, ಹೆಸರು ನೆನಪಿಲ್ಲ.

ಈಗ ಆ ರಸ್ತೆ ಡಾಂಬರಾಗೇದ.
ಬಸ್ಸು ಎಣ್ಣಿ ಮ್ಯಾಲ ಹೋದ್ಹಂಗ ಹೋಗ್ತಾವ.
ಕೆಳಗ ಯಾರ ಗೆರಿ ಎಲ್ಲಿ ಅದಾವೋ.

ಮೊನ್ನೆ ಪೆನ್ಶನ್ ತರಾಕ ಹೋದಾಗ
ಕೈ ನಡುಗಿ ಸಹಿ ಬರಲಿಲ್ಲ.
ಹುಡುಗ ಕಾರಕೂನ, ಮೀಸಿ ಈಗ ಮೂಡಿದ್ದು,
ಪ್ಯಾಡು ಮುಂದ ಮಾಡಿದ: "ಹೆಬ್ಬಟ್ಟ ಒತ್ತರಿ ಅಜ್ಜಾರ."
ಒತ್ತಿದೆ. ಎತ್ತಿದೆ.
ಎಲ್ಲಾ ಸುತ್ತೂ ಬಂದಿದ್ವು,
ಒಂದ ಎಳಿ ಹರದಿರಲಿಲ್ಲ.

"ಏನ ಸ್ವಚ್ಛ ಬಂತ್ರಿ!"
ಅಂದ ಹುಡುಗ.